ಕವಡೆಯ ಬೆಲೆ

ಬೆಲೆಯಿಲ್ಲದ ವಸ್ತುವಿಗೆ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವುದು ರೂಢಿ. ಆದರೆ ಒಂದು ಕಾಲಕ್ಕೆ ಕವಡೆಯೇ ನಾಣ್ಯವಾಗಿತ್ತು. ಮಾಲ್ಡೀವ್ ದ್ವೀಪಗಳ ಕಡಲಲ್ಲಿ ದೊರೆತ ಈ ಚಿಪ್ಪು ಬಂಗಾಲದಲ್ಲಿ ಹಣವಾಗಿ ಚಲಾವಣೆಗೊಂಡಿತು. ಐರೋಪ್ಯರ ಹಡಗುಗಳಲ್ಲಿ ಪಶ್ಚಿಮ ಆಫ್ರಿಕೆಯನ್ನು ಸೇರಿ ಆಭರಣವೂ ಶಕುನಸಾಧನವೂ ಆಯಿತು. 18ನೆಯ ಶತಮಾನದಲ್ಲಿ ಗುಲಾಮರ ಕ್ರಯಕ್ಕೂ ಸಂದಿತು.

ಮಲಪ್ರಭೆಯ ದಡದ ಮನೋಳಿಗೆ ಸಮೀಪದ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರ ಕೊರಳನ್ನು ಕವಡೆಸರ ಇಂದಿಗೂ ಅಲಂಕರಿಸುತ್ತದೆ. ಅದು ಭಕ್ತಿಯ ಲಾಂಛನ. ಆದರೆ ದೇವಿಯ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯು ಅವರ ಬಾಳನ್ನು ಕವಡೆಗಿಂತ ಅಗ್ಗವಾಗಿಸಿತು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯು ಅದನ್ನು ಅಪರಾಧವೆಂದು ಸಾರಿತು.

ಸರದ ಸೊಬಗು ಉಳಿಯಲಿ, ಸಂಕೋಲೆ ಅಳಿಯಲಿ. ಮನುಷ್ಯನಿಗೆ ಬೆಲೆ ಕಟ್ಟದಿರುವುದೇ ಶರಣಧರ್ಮ. ಪ್ರತಿ ಬಾಲೆಯ ಕೈಗೆ ಪುಸ್ತಕವೀಯುವುದೇ ವಿದ್ಯಾಲಯದ ಕಾಯಕ.