ಎಳೆಯುತ್ತೆ ಸರಿ, ನಿಲ್ಲುತ್ತಾ?

ಮಂಡ್ಯ ಕಡೆ ಕಬ್ಬು ಕಟಾವಿನ ಸಮಯದಲ್ಲಿ ಗುಡ್ಡದ ಹಾಗೆ ಕಬ್ಬು ತುಂಬಿದ ಟ್ರೈಲರ್‌ಗಳನ್ನು ಟ್ರ್ಯಾಕ್ಟರ್ ಎಳೆಯೋದನ್ನ ನಾವೆಲ್ಲ ನೋಡಿರ್ತೀವಿ. ಎಷ್ಟು ಭಾರ ಎಳೆಯಬಹುದು ಅಂದ್ರೆ ಮೊದಲು ನೆನಪಾಗೋದು ಎಚ್‌ಪಿ. ಆದರೆ ಸುರಕ್ಷಿತ ಭಾರ ಎಷ್ಟು ಅಂತ ಹೇಳೋದು ಬ್ರೇಕು. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಸಾಕು, ಲೆಕ್ಕ ಹಾಕೋಣ.

ಟ್ರ್ಯಾಕ್ಟರ್ 2,000 ಕೆಜಿ, ಅದರಲ್ಲಿ ಹಿಂದಿನ ಚಕ್ರಗಳ ಮೇಲೆ 1,200 ಕೆಜಿ ಅಂತ ಇಟ್ಟುಕೊಳ್ಳೋಣ. ಬ್ರೇಕ್ ಇರೋದು ಹಿಂದಿನ ಚಕ್ರಗಳಿಗೆ ಮಾತ್ರ. ನಾಲ್ಕು ಚಕ್ರದ ಟ್ರೈಲರ್‌ಗೆ ಬ್ರೇಕೇ ಇಲ್ಲ. ಒಣ ರಸ್ತೆಯ ಘರ್ಷಣಾಂಕ 0.6. ಟೈರ್ ಉರುಳುವಾಗಿನ ತಡೆಯನ್ನು ಸುಲಭಕ್ಕೆ ಬಿಟ್ಟಿದ್ದೇವೆ.

ಗರಿಷ್ಠ ಬ್ರೇಕ್ ಬಲ = 0.6 × 1,200 × 9.8 = 7,056 ನ್ಯೂಟನ್

ತುಂಬಿದ ಟ್ರೈಲರ್ 8,000 ಕೆಜಿ ಆದರೆ ಒಟ್ಟು 10,000 ಕೆಜಿ. ಹತ್ತು ಮೀಟರ್‌ಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ ಇಷ್ಟು ಭಾರ ಕೆಳಗೆ ಜಗ್ಗುವ ಬಲ ಸುಮಾರು 9,800 ನ್ಯೂಟನ್. ಬ್ರೇಕ್ ಪೂರ್ತಿ ಒತ್ತಿದ್ರೂ ಗಾಡಿಯ ವೇಗ ಹೆಚ್ಚುತ್ತಲೇ ಹೋಗುತ್ತೆ!

ವೇಗ ಹೆಚ್ಚದೆ ಇರಬೇಕಾದ್ರೆ ಟ್ರೈಲರ್ 5,200 ಕೆಜಿ ದಾಟಬಾರದು. ಸೆಕೆಂಡಿಗೆ 1 ಮೀ/ಸೆ ನಂತೆ ವೇಗ ಇಳಿಯಬೇಕು ಅಂದ್ರೆ 7,056 ÷ (0.98 + 1) ≈ 3,560 ಕೆಜಿ ಒಟ್ಟು ಭಾರ. ಅಂದ್ರೆ ಟ್ರೈಲರ್‌ಗೆ ಉಳಿಯೋದು 1,560 ಕೆಜಿ ಮಾತ್ರ. ಮಳೆಯಲ್ಲಿ ಘರ್ಷಣಾಂಕ 0.3ಕ್ಕೆ ಇಳಿದ್ರೆ ಬ್ರೇಕ್ ಬಲವೂ ಅರ್ಧ.

ಸಣ್ಣ ಗೇರ್‌ನಲ್ಲಿ ಇಳಿಸಬೇಕು ನಿಜ. ಆದರೆ ಎಂಜಿನ್ ತಡೆಯೂ ಇದೇ ಹಿಂದಿನ ಟೈರ್‌ಗಳ ಹಿಡಿತದಿಂದಲೇ ಬರಬೇಕು, ಮಿತಿ ಬದಲಾಗಲ್ಲ. ಟ್ರೈಲರ್‌ಗೇ ಬ್ರೇಕ್ ಹಾಕಿದ್ರೆ ಮಾತ್ರ ಅದರ ಭಾರವೇ ಹಿಡಿತವಾಗಿ ನಮಗೆ ಸಹಾಯ ಮಾಡುತ್ತೆ. ಮುಂದಿನ ಸಲ ಊರಿಗೆ ಹೋದಾಗ ಎಚ್‌ಪಿ ಕೇಳೋಕೆ ಮೊದಲು ಟ್ರೈಲರ್‌ಗೆ ಬ್ರೇಕ್ ಇದೆಯಾ ಅಂತ ನೋಡೋಣ.