ನಂಬುವ ಮುನ್ನ, ನಂಬಿಸುವ ಮುನ್ನ

ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಸೇರುತ್ತೇವೆಂದು ಸಲಹೆ ಕೇಳಿ ಬರುವ ಹುಡುಗ ಹುಡುಗಿಯರಿಗೆ ನಾನು ದಪ್ಪ ದಪ್ಪ ಪಠ್ಯಪುಸ್ತಕಗಳ ಹೆಸರು ಹೇಳುವುದಿಲ್ಲ. ಇಂಡೊನೇಷ್ಯಾದ 2024 ಮತ್ತು 2025ರ ಸುದ್ದಿಗಳನ್ನು ಕೂತು ಓದಿ ಎನ್ನುತ್ತೇನೆ. ಹೆಸರು ಗಳಿಸುವುದು, ಗಳಿಸಿದ್ದನ್ನು ಕೆಡಿಸಿಕೊಳ್ಳುವುದು, ಆಡದ ಮಾತಿಗೆ ಹೆಸರು ಕೆಡುವುದು ಎಲ್ಲವೂ ಅಲ್ಲಿ ಎರಡೇ ವರ್ಷದಲ್ಲಿ, ಎಲ್ಲರ ಕಣ್ಣೆದುರೇ ನಡೆದುಹೋದವು.

ಮೊದಲು ಪ್ರಬೊವೊ ಸುಬಿಯಾಂಟೊ ಅವರ ಕತೆ. 1998ರಲ್ಲಿ, ಹೋರಾಟಗಾರರ ಅಪಹರಣದ ಪ್ರಕರಣದಲ್ಲಿ ಸೇನೆಯಿಂದ ಹೊರಬಿದ್ದ ಜನರಲ್ ಅವರು. 2014ರ ಅಧ್ಯಕ್ಷ ಚುನಾವಣೆಯ ಸಭೆಗೆ ಕುದುರೆಯೇರಿ ಬಂದರು, ಗುಡುಗಿದರು, ಸೋತರು. 2019ರಲ್ಲೂ ಸೋತರು. 2024ಕ್ಕೆ ಗುಡುಗು ಬಿಟ್ಟು ಕುಣಿದರು. ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಅವರ ಗುಂಡುಕೆನ್ನೆಯ ಕಾರ್ಟೂನು ಬೀದಿಬೀದಿಯ ಫಲಕಗಳಲ್ಲಿ ನಕ್ಕಿತು. ಟಿಕ್‌ಟಾಕ್‌ನ ಹುಡುಗರು ‘ಗೆಮೊಯ್’, ಅಂದರೆ ಮುದ್ದುಮುದ್ದು, ಎಂದು ಮುದ್ದಾಡಿದರು. ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಲವತ್ತರ ಒಳಗಿನವರು. 1998 ಅವರಲ್ಲಿ ಎಷ್ಟೋ ಜನಕ್ಕೆ ಪಾಠದಲ್ಲಿ ಬರುವ ಒಂದು ಇಸವಿ, ಅಷ್ಟೆ. ಮೊದಲ ಸುತ್ತಿನಲ್ಲೇ ಶೇಕಡಾ 58ಕ್ಕೂ ಹೆಚ್ಚು ಮತ ಬಿತ್ತು.

ನಮ್ಮ ಕಸುಬಿನವರು ಇದು ಕಾರ್ಟೂನಿನ ಗೆಲುವು ಎಂದು ಎದೆ ತಟ್ಟಿಕೊಳ್ಳುತ್ತಾರೆ. ನಂಬಬೇಡಿ. ಆಗಿನ ಜನಪ್ರಿಯ ಅಧ್ಯಕ್ಷ ಜೊಕೊ ವಿಡೋಡೊ ಅವರ ಮಗ ಗಿಬ್ರಾನ್ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಜೊತೆಗಿದ್ದರು. ಕನಿಷ್ಠ 40 ವರ್ಷ ಆಗಿರಬೇಕಿದ್ದ ಸ್ಪರ್ಧೆಗೆ 36ರ ಈ ಯುವಕ ಇಳಿಯುವಂತೆ ದಾರಿ ಮಾಡಿಕೊಟ್ಟದ್ದು 2023ರ ಅಕ್ಟೋಬರಿನ ಸಂವಿಧಾನ ನ್ಯಾಯಾಲಯದ ತೀರ್ಪು. ತೀರ್ಪು ಕೊಟ್ಟ ಪೀಠದ ಮುಖ್ಯಸ್ಥ ಅನ್ವರ್ ಉಸ್ಮಾನ್ ಆತನ ಸೋದರತ್ತೆಯ ಗಂಡ. ಮುಂದಿನ ತಿಂಗಳೇ ನೀತಿ ಮಂಡಳಿ ಅವರನ್ನು ಮುಖ್ಯ ನ್ಯಾಯಮೂರ್ತಿ ಸ್ಥಾನದಿಂದ ಇಳಿಸಿತು. ತೀರ್ಪು ಮಾತ್ರ ಹಾಗೇ ಉಳಿಯಿತು. ಇಂಥ ಹೊತ್ತಿನಲ್ಲಿ ಕುಣಿತದ ವಿಡಿಯೊ ನಿಜವೋ ಸುಳ್ಳೋ ಎಂದು ಪರೀಕ್ಷಿಸಿ ಏನೂ ಪ್ರಯೋಜನವಿಲ್ಲ. ಯಜಮಾನರು ಕುಣಿದದ್ದು ನಿಜವೇ. ಅದನ್ನು ನೋಡುತ್ತ ಕೂತಾಗ ಯಾವ ಪ್ರಶ್ನೆ ನನ್ನ ತಲೆಯಿಂದ ಜಾರಿಹೋಯಿತು ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಒಂದೂವರೆ ವರ್ಷದಲ್ಲಿ ಕುಣಿತ ಬೇರೆ ಅರ್ಥ ಪಡೆಯಿತು. 2025ರ ಆಗಸ್ಟ್ 15ರ ಅಧಿವೇಶನ ಮುಗಿಯುತ್ತ ಸಂಸದರು ಹಾಡಿಗೆ ಹೆಜ್ಜೆ ಹಾಕಿದರು. ಅವರಿಗೆ ತಿಂಗಳಿಗೆ 5 ಕೋಟಿ ರುಪಿಯಾ ಮನೆ ಭತ್ಯೆ ಸಿಗುತ್ತಿದೆಯೆಂಬ ಸುದ್ದಿ ಅದೇ ದಿನಗಳಲ್ಲಿ ಹರಡಿತು. ಜಕಾರ್ತದ ಕನಿಷ್ಠ ವೇತನದ ಸುಮಾರು ಹತ್ತು ಪಟ್ಟು ಅದು. ಭತ್ಯೆ ಸಿಕ್ಕ ಖುಷಿಗೇ ಕುಣಿದರು ಎಂದು ಜನ ಓದಿಕೊಂಡರು. ಆಗಸ್ಟ್ 28ರ ರಾತ್ರಿ ಪೊಲೀಸರ ಕವಚ ವಾಹನವೊಂದು ಬೈಕ್ ಟ್ಯಾಕ್ಸಿ ಓಡಿಸುತ್ತಿದ್ದ 21 ವರ್ಷದ ಹುಡುಗನ ಮೇಲೆ ಹರಿದು ಅವನು ಸತ್ತ. ಆಮೇಲೆ ಊರೂರೂ ಹೊತ್ತಿಕೊಂಡಿತು.

ಈ ಬೆಂಕಿಯ ನಡುವೆ ಸಿಕ್ಕಿಬಿದ್ದವರು ಹಣಕಾಸು ಸಚಿವೆ ಶ್ರೀ ಮುಲ್ಯಾನಿ. ನೀವು ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಇವರ ಪ್ರಕರಣವನ್ನು. ಹಿಂದೆ ವಿಶ್ವಬ್ಯಾಂಕಿನ ವ್ಯವಸ್ಥಾಪಕ ನಿರ್ದೇಶಕಿಯಾಗಿದ್ದವರು, ಹೊರದೇಶಗಳಲ್ಲೂ ಒಳ್ಳೆಯ ಹೆಸರಿದ್ದವರು. ಆಗಸ್ಟ್ 7ರಂದು ಬಾಂಡುಂಗ್ ತಾಂತ್ರಿಕ ಸಂಸ್ಥೆಯಲ್ಲಿ ಮಾತಾಡುತ್ತ, ಶಿಕ್ಷಕರ ಮತ್ತು ಅಧ್ಯಾಪಕರ ಸಂಬಳ ಸಾಲದೆಂಬ ದೂರನ್ನು ಎತ್ತಿಕೊಂಡು, ಇದೆಲ್ಲ ಸರ್ಕಾರದ ಹಣದಿಂದಲೇ ಆಗಬೇಕೇ, ಸಮಾಜದ ಪಾಲೂ ಇರಬೇಕೇ ಎಂದು ಕೇಳಿದ್ದರು. ಕೆಲವೇ ದಿನಗಳಲ್ಲಿ, ಶಿಕ್ಷಕರು ದೇಶಕ್ಕೆ ಹೊರೆ ಎಂದು ಅವರೇ ಹೇಳುವಂತೆ ಕಾಣುವ ತುಣುಕೊಂದು ಓಡಾಡಿತು. ಅದು ಡೀಪ್‌ಫೇಕ್, ನಾನು ಹಾಗೆ ಹೇಳಿಯೇ ಇಲ್ಲ ಎಂದು ಅವರು ಬರೆದರು. ಸಚಿವಾಲಯವೂ ಹೇಳಿತು. ಆಗಸ್ಟ್ 31ರ ಬೆಳಗಿನ ಜಾವ ಗುಂಪೊಂದು ಅವರ ಮನೆಗೆ ನುಗ್ಗಿ ಸಿಕ್ಕಿದ್ದನ್ನು ಹೊತ್ತೊಯ್ಯಿತು. ಸೆಪ್ಟೆಂಬರ್ 8ಕ್ಕೆ ಸಚಿವ ಸ್ಥಾನವೂ ಹೋಯಿತು. ತುಣುಕಿನಿಂದಲೇ ಹೋಯಿತೆಂದು ನಾನು ಹೇಳಲಾರೆ, ನೀವೂ ಹೇಳಬೇಡಿ.

ಸ್ಪಷ್ಟೀಕರಣ ಯಾಕೆ ನಾಟಲಿಲ್ಲ? ಸುಳ್ಳನ್ನು ನೆಟ್ಟವರಿಗೆ ನೆಲ ಹದವಾಗಿಯೇ ಸಿಕ್ಕಿತ್ತು. ಖರ್ಚಿಗೆ ಕತ್ತರಿ, ತೆರಿಗೆಯ ಮಾತು, ಸಂಸದರ ಭತ್ಯೆ, ಇವುಗಳ ನಡುವೆ ಶಿಕ್ಷಕರ ಸಂಬಳಕ್ಕೆ ಸಮಾಜದ ಪಾಲೇನು ಎಂದು ಕೇಳಿದ್ದೇ ಗಾಯಕ್ಕೆ ಉಪ್ಪು ಸವರಿದಂತಾಗಿತ್ತು. ‘ಇದು ಹೋಕ್ಸ್’ ಎಂಬ ಪ್ರಕಟಣೆ ಸುಳ್ಳಿಗೆ ಉತ್ತರ ಕೊಟ್ಟಿತು, ಸಿಟ್ಟಿಗೆ ಕೊಡಲಿಲ್ಲ. ಪ್ರಕಟಣೆ ಬರೆಯುವ ಕೆಲಸ ನಿಮ್ಮದಾದಾಗ ಈ ವ್ಯತ್ಯಾಸ ನೆನಪಿರಲಿ. ಓದುವವರು ನೀವಾದಾಗ ಇನ್ನೊಂದು ಮಾತು: ನಿಮಗೆ ಆಗದವರ ಬಾಯಲ್ಲಿ, ನೀವು ಮೊದಲೇ ಅಂದುಕೊಂಡಿದ್ದ ಕೆಟ್ಟ ಮಾತೇ ಬಂದರೆ, ಫಾರ್ವರ್ಡ್ ಒತ್ತುವ ಬೆರಳನ್ನು ಅಲ್ಲೇ ತಡೆಯಿರಿ. ಪೂರ್ತಿ ಭಾಷಣ ಹುಡುಕಿ. ಮಾಫಿಂಡೊದಂಥ ಸುಳ್ಳು ಪತ್ತೆಯ ಸಂಘಗಳು ಅಲ್ಲಿ 2016ರಿಂದ ಇದೇ ಕೆಲಸ ಮಾಡುತ್ತಿವೆ, ಆದರೆ ಅವರು ಪರಿಶೀಲಿಸಿ ಮುಗಿಸುವವರೆಗೆ ಕಾಯುವ ತಾಳ್ಮೆ ನಮ್ಮದಾಗಿರಬೇಕು.

ಪ್ರತಿಷ್ಠೆಯನ್ನು ಗರ್ವದಿಂದ ಕಳೆದುಕೊಳ್ಳುವವರೂ ಇದ್ದಾರೆ. 2025ರ ಮಾರ್ಚ್‌ನಲ್ಲಿ ಟೆಂಪೊ ಪತ್ರಿಕೆಯ ಕಚೇರಿಗೆ ಯಾರೋ ಹಂದಿಯ ತಲೆ ಕಳಿಸಿದರು. ಅಧ್ಯಕ್ಷರ ಸಂವಹನ ಕಚೇರಿಯ ಮುಖ್ಯಸ್ಥರು, ಬೇಯಿಸಿಕೊಳ್ಳಲಿ ಎಂಬರ್ಥದ ಮಾತಾಡಿದರು. ಸಂವಹನವೇ ಅವರ ಹುದ್ದೆಯಾಗಿತ್ತು ನೋಡಿ!

ಹಳೆಯದೊಂದು ಪ್ರಕರಣ ಹೇಳಿ ಮುಗಿಸುತ್ತೇನೆ. 2008ರಲ್ಲಿ ಜಕಾರ್ತದ ಪಕ್ಕದ ತಾಂಗೆರಾಂಗ್‌ನಲ್ಲಿ ತಾಯಿಯೊಬ್ಬಳು ತನಗೆ ಸಿಕ್ಕ ಚಿಕಿತ್ಸೆಯ ಬಗ್ಗೆ ಗೆಳೆಯರಿಗೆ ಇಮೇಲ್‌ನಲ್ಲಿ ದೂರಿಕೊಂಡಳು. ಆಸ್ಪತ್ರೆ ಮಾನನಷ್ಟದ ಮೊಕದ್ದಮೆ ಹೂಡಿತು. 2009ರಲ್ಲಿ ಆಕೆ ಮೂರು ವಾರ ಜೈಲಿನಲ್ಲಿದ್ದಳು. 20 ಕೋಟಿ 40 ಲಕ್ಷ ರುಪಿಯಾ ಪರಿಹಾರ ಕೊಡುವಂತೆ ನ್ಯಾಯಾಲಯ ಹೇಳಿತು. ಜನ ಆ ಹಣವನ್ನು ಚಿಲ್ಲರೆ ನಾಣ್ಯಗಳಲ್ಲೇ ಕೂಡಿಸಿದರು, ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಕೆಲವೇ ಗೆಳೆಯರು ಓದಬೇಕಿದ್ದ ಪತ್ರವನ್ನು ಇಡೀ ದೇಶಕ್ಕೆ ಓದಿಸಿದ್ದು ಆಸ್ಪತ್ರೆಯೇ. ನಾಳೆ ನಿಮ್ಮ ಸಂಸ್ಥೆಯ ದೊಡ್ಡವರು ಇಂಥದೊಂದು ದೂರನ್ನು ಮುಂದಿಟ್ಟು, ಅಲ್ಲಗಳೆದು ನಾಲ್ಕು ಸಾಲು ಬರೆದುಕೊಡು ಎಂದಾಗ, ಇದರಲ್ಲಿ ನಿಜವೆಷ್ಟು ಎಂದು ಅವರನ್ನೇ ಮೊದಲು ಕೇಳಿ. ಉತ್ತರ ಸಿಗುವವರೆಗೆ ಬರೆಯಲು ಕೂರಬೇಡಿ.