ಹೆದೆ ಕಟ್ಟೋದು ಕಲೀರಿ: ಬಿದಿರ ಬಿಲ್ಲು ಹಿಡಿದವರಿಗೆ ಕಿವಿಮಾತು

ಬೆಳುಗುಪ್ಪ, ಕಲ್ಯಾಣದುರ್ಗ, ಹಿಂದೂಪುರದ ಕಡೆಯಿಂದ ಬಿದಿರ ಬಿಲ್ಲು ಹಿಡಿದು ಸ್ಪರ್ಧೆಗೆ ಹೊರಟ ಹುಡುಗರಿಗೂ ಹುಡುಗಿಯರಿಗೂ ಹೇಳುವ ಮಾತಿದು. ‘ಇಂಡಿಯನ್ ರೌಂಡ್’ ಅನ್ನುವ ಸ್ಪರ್ಧೆಯಲ್ಲಿ 50 ಮೀಟರ್, 30 ಮೀಟರ್ ದೂರಕ್ಕೆ ಬಿದಿರಿನ ಬಿಲ್ಲಿನಿಂದಲೇ ಬಾಣ ಬಿಡಬೇಕು. ಬಿಲ್ಲಿಗೆ ಸಾಲ ಮಾಡಿಯಾದರೂ ದುಡ್ಡು ಹೊಂದಿಸುತ್ತೀರಿ, ಹೆದೆಯ ಕಡೆ ಮಾತ್ರ ತಿರುಗಿಯೂ ನೋಡುವುದಿಲ್ಲ. ಬಾಣ ಅಡ್ಡಾದಿಡ್ಡಿ ಹೋದಾಗ ಬಿಲ್ಲನ್ನೇ ಬೈಯುತ್ತೀರಿ. ಹತ್ತರಲ್ಲಿ ಏಳೆಂಟು ಸಲ ತಪ್ಪು ಇರುವುದು ಹೆದೆಯಲ್ಲಿ, ಅದರಲ್ಲೂ ಬಾಣದ ಕಚ್ಚು ಕೂರುವ ಜಾಗದಲ್ಲಿ. ಅದನ್ನು ಸರಿಮಾಡುವ ಸಾಮಾನೆಲ್ಲ ನಮ್ಮ ಊರಲ್ಲೇ ಸಿಗುತ್ತದೆ.

• ಮೊದಲು ದಾರ. ಬಿದಿರ ಬಿಲ್ಲಿಗೂ ಮರದ ಬಿಲ್ಲಿಗೂ ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ದಾರವೇ ಸರಿ. ಬಿಲ್ಲುಗಾರರ ಅಂಗಡಿಯಲ್ಲಿ ಬಿ-50 ಅಂತ ಕೇಳಿ. ಈಗ ಬರುವ ಅಷ್ಟಾಗಿ ಹಿಗ್ಗದ ಹೊಸ ದಾರಗಳು ಫೈಬರ್ ಬಿಲ್ಲಿಗೆ ಚೆನ್ನ, ಬಿದಿರಿನ ತುದಿಯನ್ನು ಮಾತ್ರ ಸೀಳಿಬಿಡುತ್ತವೆ. ಗಾಳದ ನೈಲಾನ್ ದಾರ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಹತ್ತಿ ದಾರ ಎರಡು ದಿನವೂ ಬಾಳದು.

• ಎಳೆ ಎಷ್ಟು? 25ರಿಂದ 35 ಪೌಂಡಿನ ಬಿಲ್ಲಿಗೆ 10, 45 ಪೌಂಡಿನವರೆಗೆ 12, 55ರವರೆಗೆ 14. ಒಂದೊಂದು ಎಳೆ ಸುಮಾರು 50 ಪೌಂಡು ತಡೆಯುತ್ತದಲ್ಲ, ಇಷ್ಟೊಂದು ಯಾಕೆ ಅನ್ನಬೇಡಿ. ಬಾಣ ಬಿಟ್ಟ ಗಳಿಗೆಯಲ್ಲಿ ಹೆದೆಗೆ ಬೀಳುವ ಜಗ್ಗು, ನೀವು ಎಳೆದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಂತ ಎಳೆ ಸೇರಿಸುತ್ತಾ ಹೋದರೆ ಹೆದೆ ದಪ್ಪವಾಗಿ ಬಾಣ ನಿಧಾನವಾಗುತ್ತದೆ, ಕಚ್ಚಿನಲ್ಲೂ ಕೂರುವುದಿಲ್ಲ.

• ಹೆದೆ ಸುತ್ತುವುದಕ್ಕೆ ಯಂತ್ರ ಕೊಳ್ಳಬೇಡಿ. ಉದ್ದನೆಯ ಹಲಗೆಗೆ ದಪ್ಪನೆಯ ಎರಡು ಬೋಲ್ಟು ಕೂರಿಸಿ. ಹಳೇ ಮಂಚದ ಪಟ್ಟಿಯಾದರೂ ಆಗುತ್ತದೆ. ಮೊಳೆ ಬೇಡ, ದಾರ ಬಿಗಿದಂತೆ ಒಳಕ್ಕೆ ಬಾಗಿ ಅಳತೆ ಕೆಡುತ್ತದೆ. ಬಿಲ್ಲಿನ ಉದ್ದಕ್ಕಿಂತ ಹೆದೆ ಸುಮಾರು 3 ಅಂಗುಲ ಕಡಿಮೆ ಇರಬೇಕು. 66 ಅಂಗುಲದ ಬಿಲ್ಲಾದರೆ ಬೋಲ್ಟಿನ ಹೊರಮೈಯಿಂದ ಹೊರಮೈಗೆ 63 ಅಂಗುಲ ಇಟ್ಟುಕೊಳ್ಳಿ. ಆರು ಸುತ್ತು ಸುತ್ತಿದರೆ 12 ಎಳೆ. ಪ್ರತಿ ಸುತ್ತಿಗೂ ಒಂದೇ ಬಿಗಿ ಇರಲಿ. ಒಂದು ಎಳೆ ಸಡಿಲ ಬಿಟ್ಟರೆ ಅದರ ಭಾರ ಉಳಿದ ಹನ್ನೊಂದು ಹೊರಬೇಕು, ಮೊದಲು ಹರಿಯುವುದೂ ಆ ಹನ್ನೊಂದರಲ್ಲಿ ಒಂದು.

• ಎರಡೇ ಬೋಲ್ಟಿನ ಹಲಗೆಯಲ್ಲಿ ಕುಣಿಕೆ ಹೇಗೆ ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ಒಂದು ತುದಿಯ ಹತ್ತಿರ ಎಡಗಡೆಯ ಎಳೆಗಳ ಮೇಲೆ, ಇನ್ನೊಂದು ತುದಿಯ ಹತ್ತಿರ ಬಲಗಡೆಯ ಎಳೆಗಳ ಮೇಲೆ ಮೂರು ನಾಲ್ಕು ಅಂಗುಲ ದಾರ ಸುತ್ತಿ. ದಾರದ ಮೊದಲೂ ಕೊನೆಯೂ ಸೇರುವ ಗಂಟು ಈ ಸುತ್ತಿನೊಳಗೇ ಮುಚ್ಚಿಹೋಗಲಿ. ಆಮೇಲೆ ಇಡೀ ಹೆದೆಯನ್ನು ಬೋಲ್ಟುಗಳ ಮೇಲೆ ಜಾರಿಸಿದರೆ ಸುತ್ತಿದ ಎರಡು ಜಾಗವೂ ಏಕಕಾಲಕ್ಕೆ ತುದಿಗೆ ಬರುತ್ತವೆ. ಸುತ್ತಿನ ಎರಡು ಕೊನೆ ಎದುರುಬದುರು ಬರದೆ ಒಂದು ಸ್ವಲ್ಪ ಹೆಚ್ಚುಕಡಿಮೆ ಇರಲಿ. ಈಗ ಎರಡು ಕಡೆಯ ಎಳೆಗಳನ್ನೂ ಜೊತೆಗೂಡಿಸಿ ಎರಡು ಮೂರು ಅಂಗುಲ ಬಿಗಿದರೆ ಕುಣಿಕೆ ಆಯಿತು. ಬಿಲ್ಲಿನ ಮೇಲ್ತುದಿಯ ಕುಣಿಕೆ ದೊಡ್ಡದು, ಕೆಳಗಿನದು ಚಿಕ್ಕದು.

• ಹಗ್ಗ ಹೊಸೆಯಲು ಬರುವ ತಾತ ಮನೆಯಲ್ಲಿದ್ದರೆ ಹಲಗೆಯೂ ಬೇಡ. ಆರಾರು ಎಳೆಯ ಎರಡು ಹುರಿ ಮಾಡಿ, ಪ್ರತಿ ಹುರಿಯನ್ನು ಬಲಕ್ಕೆ ತಿರುಚುತ್ತಾ ಒಂದರ ಮೇಲೊಂದನ್ನು ಎಡಕ್ಕೆ ಹೊರಳಿಸುತ್ತಾ ಹೋದರೆ ಕುಣಿಕೆಯೂ ಹೆದೆಯೂ ಒಟ್ಟಿಗೆ ಆಗುತ್ತವೆ. ಎತ್ತಿನ ಹಗ್ಗ ಹೊಸೆಯುವ ಕ್ರಮವೇ ಇದು. ಯುರೋಪಿನವರು ಇದಕ್ಕೆ ‘ಫ್ಲೆಮಿಶ್’ ಹೆದೆ ಅಂತ ಹೆಸರಿಟ್ಟುಕೊಂಡಿದ್ದಾರೆ, ಇಟ್ಟುಕೊಳ್ಳಲಿ.

• ಹಿಂದೆ ಎಕ್ಕದ ನಾರು, ಕತ್ತಾಳೆ ನಾರು, ಮೂರ್ವಾ ಗಿಡದ ನಾರು ಹೆದೆಗೆ ಬರುತ್ತಿದ್ದವು. ಎಕ್ಕದ ನಾರು ನಿಜಕ್ಕೂ ಗಟ್ಟಿ. ಮಾಡಿ ನೋಡುವ ಆಸೆ ಇದ್ದರೆ ಮಾಡಿ, ಆದರೆ ಕಡ್ಡಿ ಒಣಗಿದ ಮೇಲೇ ಸುಲಿಯಿರಿ. ಹಸಿ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಸ್ಪರ್ಧೆಗೆ ಡೇಕ್ರಾನೇ ಇರಲಿ.

• ಹೆದೆಯ ನಡುವೆ ಬೆರಳೂ ಬಾಣವೂ ಉಜ್ಜುವ ಕಡೆ ಇನ್ನೊಂದು ದಾರ ಸುತ್ತಬೇಕು. ಕೋಚ್‌ಗಳು ಸರ್ವಿಂಗ್ ಅನ್ನುವುದು ಇದಕ್ಕೇ. ಬಾಣ ಕೂರುವ ಜಾಗದ ಮೇಲೆ ಎರಡು ಮೂರು ಅಂಗುಲ, ಕೆಳಗೆ ನಾಲ್ಕು ಅಂಗುಲ ಸಾಕು. ಇದನ್ನು ಕೈಯಿಂದಲೇ ಬಿಗಿಯಾಗಿ ಸುತ್ತುವುದು ಕಷ್ಟ, ಉಪಕರಣ ಬೇಕು. ಉರವಕೊಂಡದಲ್ಲೋ ಧರ್ಮಾವರದಲ್ಲೋ ನೇಯುವವರ ಮನೆಯಲ್ಲಿ ಒಂದು ಖಾಲಿ ಕಂಡಿಕೆ ಕೇಳಿ ತನ್ನಿ. ಸೈಕಲ್ ಕಡ್ಡಿಯನ್ನು ‘ಯು’ ಆಕಾರಕ್ಕೆ ಬಗ್ಗಿಸಿ ನಡುವೆ ಕಂಡಿಕೆ ಕೂರಿಸಿ. ಅದರ ಎರಡು ಬದಿಗೂ ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆ ಒತ್ತಿಟ್ಟರೆ ಕಂಡಿಕೆ ತಡೆತಡೆದು ತಿರುಗುತ್ತದೆ, ದಾರ ತಾನೇ ಬಿಗಿಯಾಗಿ ಬರುತ್ತದೆ. ಅದನ್ನು ಹೆದೆಯ ಸುತ್ತ ತಿರುಗಿಸುತ್ತಾ ಹೋಗುವುದಷ್ಟೇ ಕೆಲಸ. ಅಂಗಡಿಯಲ್ಲಿ ಸಿಗುವುದೂ ಇದೇ, ಬಣ್ಣ ಹೊಡೆದಿರುತ್ತಾರೆ.

• ಹೆದೆಯನ್ನು ಯಾವ ಕಡೆಗೆ ತಿರುಚಿದ್ದೀರೋ ಸರ್ವಿಂಗ್ ದಾರವೂ ಅದೇ ಕಡೆಗೆ ಸುತ್ತಬೇಕು. ಎದುರು ಸುತ್ತಿದರೆ ದಿನದಿನಕ್ಕೆ ಸಡಿಲವಾಗುತ್ತದೆ. ಕೊನೆಯ ಹತ್ತು ಹನ್ನೆರಡು ಸುತ್ತು ಹಿಮ್ಮುಖವಾಗಿ ಸುತ್ತಿ, ದಾರದ ಬಾಲವನ್ನು ಅದರಡಿ ಎಳೆದು ಕತ್ತರಿಸಿ. ನೈಲಾನ್ ಆದರೆ ತುದಿಗೆ ಬೆಂಕಿಕಡ್ಡಿ ತೋರಿಸಿ. ಹೆದೆಯ ಎಳೆಗೆ ಬಿಸಿ ತಾಗದಂತೆ ನೋಡಿಕೊಳ್ಳಿ.

• ಹೆದೆಗೆ ಇಪ್ಪತ್ತು ಮೂವತ್ತು ತಿರುಚು ಕೊಡಿ. ತಿರುಚು ಹೆಚ್ಚಿದಂತೆ ಹೆದೆ ಗಿಡ್ಡವಾಗಿ ಬಿಲ್ಲಿನ ಹಿಡಿಯಿಂದ ದೂರ ಹೋಗುತ್ತದೆ. ಹಿಡಿಗೂ ಹೆದೆಗೂ ನಡುವೆ ಮುಷ್ಟಿಯ ಮೇಲೆ ಹೆಬ್ಬೆರಳು ನಿಲ್ಲಿಸಿದಷ್ಟು, ಅಂದರೆ ಆರರಿಂದ ಏಳು ಅಂಗುಲ ಇರಲಿ. ಬಾಣ ಬಿಟ್ಟಾಗ ಬಿಲ್ಲು ಹೆಚ್ಚು ಸದ್ದು ಮಾಡಿದರೆ ಒಂದೆರಡು ತಿರುಚು ಕೂಡಿಸಿ ಇಲ್ಲವೇ ಬಿಚ್ಚಿ ನೋಡಿ.

• ಇನ್ನು ನಾಕಿಂಗ್ ಪಾಯಿಂಟ್, ಬಾಣದ ಕಚ್ಚು ಪ್ರತಿಸಲವೂ ಒಂದೇ ಕಡೆ ಕೂರಲಿ ಅಂತ ಹೆದೆಗೆ ಕಟ್ಟುವ ಗಂಟು. ಇಷ್ಟೂ ಹೇಳಿದ್ದು ಇದಕ್ಕಾಗಿಯೇ. ಬಡಗಿಯ ಮೂಲೆಮಟ್ಟ ತನ್ನಿ, ಇಲ್ಲದಿದ್ದರೆ ಶಾಲೆಯ ಜಾಮಿಟ್ರಿ ಪೆಟ್ಟಿಗೆಯ ಸೆಟ್‌ಸ್ಕ್ವೇರನ್ನು ನೆಟ್ಟಗಿನ ಬಿದಿರ ಕಡ್ಡಿಗೆ ಕಟ್ಟಿ. ಕಡ್ಡಿ ಬಾಣ ಇಡುವ ಜಾಗದ ಮೇಲೆ, ಮಟ್ಟದ ಅಂಚು ಹೆದೆಗೆ. ನೇರ ಮೂಲೆ ಸಿಕ್ಕಿದ ಕಡೆಯಿಂದ ಮೇಲಕ್ಕೆ ಅರ್ಧ ಅಂಗುಲಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಕೈಬೆರಳ ಮೇಲೇ ಬಾಣ ಇಟ್ಟು ಬಿಡುವವರು ಇನ್ನೂ ಒಂಚೂರು ಮೇಲೆ ಹಾಕಲಿ.

• ಹಿತ್ತಾಳೆಯ ಉಂಗುರ ಹಾಕಿ ಇಕ್ಕಳದಲ್ಲಿ ಒತ್ತುವವರಿದ್ದಾರೆ. ನನಗೆ ಅದು ಸೇರದು. ಭಾರ, ಬೆರಳಿನ ಚರ್ಮ ಕೀಳುತ್ತದೆ, ಜೋರಾಗಿ ಒತ್ತಿದರೆ ಒಳಗಿನ ಎಳೆಯೂ ಕತ್ತರಿಸುತ್ತದೆ. ದಾರದ ಗಂಟೇ ಮೇಲು. ಸರ್ವಿಂಗ್ ದಾರವನ್ನೋ ಹಲ್ಲುಜ್ಜುವ ಫ್ಲಾಸ್ ದಾರವನ್ನೋ ತೆಗೆದುಕೊಂಡು ಹೆದೆಯ ಮುಂದೊಂದು ಅರ್ಧಗಂಟು, ಹಿಂದೊಂದು ಅರ್ಧಗಂಟು, ಹೀಗೆ ಐದಾರು ಜೊತೆ ಹಾಕಿ, ಕೊನೆಗೆ ಎರಡು ಬಿಗಿಗಂಟು ಕಟ್ಟಿ. ಇದರಲ್ಲೊಂದು ಅನುಕೂಲ ಉಂಟು: ಸರ್ವಿಂಗಿನ ಸುತ್ತುಗಳ ಮೇಲೆ ಗಂಟನ್ನು ತಿರುಪಿನಂತೆ ತಿರುಗಿಸಿದರೆ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಯುತ್ತದೆ. ಜಾಗ ಗಟ್ಟಿಯಾದ ಮೇಲೆ ಒಂದು ಹನಿ ಫೆವಿಕಾಲ್ ಇಡಿ, ಅಷ್ಟೇ. ಫೆವಿಕ್ವಿಕ್ ಹಾಕಬೇಡಿ, ದಾರ ಪೆಡಸಾಗಿ ಮುರಿಯುತ್ತದೆ.

• ಕಚ್ಚಿನ ಕೆಳಗೂ ಇನ್ನೊಂದು ಗಂಟು ಕಟ್ಟಿ, ಬಾಣ ಕೆಳಕ್ಕೆ ಜಾರುವುದಿಲ್ಲ. ಎರಡು ಗಂಟಿನ ನಡುವೆ ಕಚ್ಚಿಗಿಂತ ಸ್ವಲ್ಪ ಹೆಚ್ಚು ಜಾಗ ಬಿಡಿ. ಪೂರ್ತಿ ಎಳೆದಾಗ ಹೆದೆಯ ಮೂಲೆ ಚೂಪಾಗಿ, ಜಾಗ ಕಡಿಮೆಯಿದ್ದರೆ ಕಚ್ಚನ್ನು ಹಿಂಡುತ್ತದೆ, ಬಾಣ ಹಿಡಿಯಿಂದ ಎದ್ದುಬಿಡುತ್ತದೆ.

• ಕಚ್ಚಿನ ಬಿಗಿ ನೋಡುವ ಬಗೆ: ಹೆದೆ ಮೇಲಿರುವಂತೆ ಬಿಲ್ಲು ಅಡ್ಡ ಹಿಡಿದು ಬಾಣವನ್ನು ಹೆದೆಗೆ ಸಿಕ್ಕಿಸಿ ತೂಗುಬಿಡಿ. ತಾನಾಗಿ ಬೀಳಬಾರದು. ಬೆರಳಿನಿಂದ ಹೆದೆ ತಟ್ಟಿದರೆ ಬೀಳಬೇಕು. ತಟ್ಟಿದರೂ ಬೀಳದಿದ್ದರೆ ಸರ್ವಿಂಗ್ ದಪ್ಪವಾಗಿದೆ, ತೆಳು ದಾರ ಸುತ್ತಿ. ಬಿದಿರ ಬಾಣಕ್ಕೆ ನೀವೇ ಕಚ್ಚು ಕೊಯ್ಯುವುದಾದರೆ ಎರಡು ಮೂರು ಆಕ್ಸಾ ಬ್ಲೇಡನ್ನು ಟೇಪಿನಿಂದ ಒಟ್ಟಿಗೆ ಕಟ್ಟಿಕೊಂಡು ಕೊಯ್ಯಿರಿ, ಹೆದೆಯ ಅಗಲಕ್ಕೆ ಸರಿಹೋಗುತ್ತದೆ. ಸೀಳು ಮುಂದುವರಿಯದಂತೆ ಅದರ ಕೆಳಗೆ ದಾರ ಬಿಗಿಯಿರಿ.

• ಗಂಟಿನ ಎತ್ತರ ಸರಿ ಇದೆಯೇ ಅಂತ ಬಾಣವೇ ಹೇಳುತ್ತದೆ. ಹಾರುವಾಗ ಬಾಲ ಮೇಲೆ ಕೆಳಗೆ ಕುಣಿದರೆ ಎತ್ತರದಲ್ಲಿ ತಪ್ಪಿದೆ. ಯಾವಾಗಲೂ ಮೇಲಿನಿಂದ ಶುರುಮಾಡಿ, ಒಂದೊಂದು ಮಿಲಿಮೀಟರ್ ಕೆಳಗಿಳಿಸುತ್ತಾ ಬನ್ನಿ. ಕೆಳಗಿನಿಂದ ಶುರುಮಾಡಿದರೆ ಬಾಣದ ಬಾಲ ಹಿಡಿಗೆ ತಾಗಿ ಚಿಮ್ಮಿ, ಗಂಟು ಮೇಲಿದ್ದಂತೆ ತೋರಿಸಿ ಮೋಸ ಮಾಡುತ್ತದೆ. ಈ ಪರೀಕ್ಷೆಗೆ ಆಷಾಢದ ಮಧ್ಯಾಹ್ನ ಹೋಗಬೇಡಿ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಬೆಳಗಿನ ಜಾವ ಗಾಳಿ ನಿಂತಾಗ ಹತ್ತಿರದಿಂದಲೇ ಬಿಟ್ಟು ನೋಡಿ.

• ಜೇನುಮೇಣವನ್ನು ನೇರ ಬೆಂಕಿಗಿಡದೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಕರಗಿಸಿ. ಚಿಟಿಕೆ ರಾಳದ ಪುಡಿ ಹಾಕಿದರೆ ಹಿಡಿತ ಹೆಚ್ಚು. ಆರಿದ ಮೇಲೆ ಹೆದೆಗೆ ಹಚ್ಚಿ, ಚರ್ಮದ ಚೂರಿನಿಂದ ಬಿಸಿಯಾಗುವಷ್ಟು ಉಜ್ಜಿ. ಸರ್ವಿಂಗಿನ ಮೇಲೆ ಹಚ್ಚಬೇಡಿ, ಬೆರಳಿಗೆ ಅಂಟುತ್ತದೆ. ಅನಂತಪುರದ ಬೇಸಿಗೆಯಲ್ಲಿ ಬಿಲ್ಲನ್ನು ಟ್ರ್ಯಾಕ್ಟರಿನ ಮೇಲೋ ಬಾಗಿಲು ಮುಚ್ಚಿದ ಕಾರಿನಲ್ಲೋ ಬಿಟ್ಟರೆ ಮೇಣ ಮೆತ್ತಗಾಗುತ್ತದೆ, ಬಿದಿರೂ ಸೋಲುತ್ತದೆ.

• ಕಾಲಿಗೆ ಸಿಕ್ಕಿಸಿಕೊಂಡು ಹೆದೆ ಏರಿಸಬೇಡಿ, ಬಿಲ್ಲಿನ ತೋಳು ತಿರುಚಿಕೊಳ್ಳುತ್ತದೆ. ಗಟ್ಟಿ ನೈಲಾನ್ ಹಗ್ಗದ ಎರಡು ತುದಿಗೆ ಹಳೇ ಚಪ್ಪಲಿಯ ಚರ್ಮದಿಂದ ಚೀಲದಂತೆ ಹೊಲಿಸಿ ಬಿಲ್ಲಿನ ತುದಿಗೆ ತೊಡಿಸಿ. ಹಗ್ಗದ ನಡುವೆ ಕಾಲಿಟ್ಟು ಬಿಲ್ಲನ್ನು ಮೇಲಕ್ಕೆತ್ತಿದರೆ ಹೆದೆ ಸಲೀಸಾಗಿ ಏರುತ್ತದೆ. ಮುಖ ಪಕ್ಕಕ್ಕಿರಲಿ. ಆಟ ಮುಗಿದ ಕೂಡಲೇ ಇಳಿಸಿ. ಬಾಣವಿಲ್ಲದೆ ಹೆದೆ ಎಳೆದು ಬಿಡುವುದಂತೂ ಯಾವತ್ತೂ ಬೇಡ.

• ಹಿಂದೂಪುರದ ಕಡೆ ಹೋದಾಗ ಲೇಪಾಕ್ಷಿಗೆ ಹೋಗಿ ತಲೆಯೆತ್ತಿ ನೋಡಿ. ವೀರಭದ್ರ ಗುಡಿಯ ಚಾವಣಿಯಲ್ಲಿ 16ನೇ ಶತಮಾನದ ಚಿತ್ರಕಾರರು ಕಿರಾತಾರ್ಜುನರ ಕಥೆ ಬರೆದಿದ್ದಾರೆ. ಬಿಲ್ಲುಗಾರನಾಗಿ ನೋಡಿದರೆ ಆ ಚಿತ್ರದ ರುಚಿಯೇ ಬೇರೆ.

• ನಮ್ಮ ಹೊಲಗಳ ಕಡೆ ಜಿಂಕೆ, ಕೃಷ್ಣಮೃಗ ಕಂಡರೆ ಬಿಲ್ಲು ಕೆಳಗಿರಲಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯಾಡಿದರೆ ಜೈಲು. ಗುರಿಗೆ ಹುಲ್ಲಿನ ಕಟ್ಟು ಸಾಕು, ಅದರ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು.

• ಹೆದೆಯಲ್ಲಿ ಒಂದು ಎಳೆ ಹರಿದರೂ, ಕುಣಿಕೆಯ ಹತ್ತಿರ ನಾರು ಎದ್ದರೂ ತೆಗೆದು ಬಿಸಾಕಿ, ಗಂಟು ಹಾಕಿ ಮುಂದುವರಿಸಬೇಡಿ. ಹೊಸ ಹೆದೆ ಮೊದಲ ಕೆಲವು ದಿನ ಹಿಗ್ಗುತ್ತದೆ. ಅದಕ್ಕೇ ಎರಡನೆಯ ಹೆದೆಯನ್ನೂ ಮನೆಯಲ್ಲೇ ಬಾಣ ಬಿಟ್ಟು ಪಳಗಿಸಿ, ಗಂಟು ಕಟ್ಟಿ, ತಿರುಚು ಎಷ್ಟು ಅಂತ ಚೀಟಿ ಬರೆದು ಸುತ್ತಿಡಿ. ಸ್ಪರ್ಧೆಯ ದಿನ ಬಸ್ಸು ಹತ್ತುವ ಮೊದಲು ಆ ಹೆದೆ ಚೀಲದಲ್ಲಿದೆಯೇ ಅಂತ ನೋಡಿಕೊಳ್ಳಿ.